ಮಾತ್ರೆ ಅಕ್ಕ ಕೇಳದೆ ಬಿಟ್ಟ ಪ್ರಶ್ನೆ

ಬೆಳಿಗ್ಗೆ ಐದೂವರೆ. ಉದ್ದನೆಯ ತಗಡಿನ ಶೆಡ್ಡಿನ ಹಿಂದೆ, ನಲ್ಲಿಯ ಹತ್ತಿರ ಹನ್ನೊಂದು ಪ್ಲಾಸ್ಟಿಕ್ ಬಕೆಟ್ಟುಗಳು ಸಾಲಾಗಿ ನಿಂತಿವೆ. ಎದುರಿಗೆ ಗಿಡ್ಡ ಮಣೆಯ ಮೇಲೆ ಐವತ್ತಮೂರು ವರ್ಷದ ಹೆಂಗಸೊಬ್ಬರು ಕೂತು, ಒಲೆಯ ಬೂದಿಯನ್ನು ಕೈಗೆ ಹಚ್ಚಿಕೊಂಡು ಮೊದಲನೆಯದರ ತಳ ಉಜ್ಜುತ್ತಿದ್ದಾರೆ. ನಿನ್ನೆ ಸಂಜೆ ಈ ಶೆಡ್ಡಿನಲ್ಲಿ ಹನ್ನೊಂದು ಜನ ಕಾಡುಬಳ್ಳಿಯ ಕಷಾಯ ಕುಡಿದಿದ್ದಾರೆ. ಕುಡಿದವರು ಕಕ್ಕುವುದು ಆ ಕಷಾಯದ ಧರ್ಮ. ಕಕ್ಕಿದ್ದನ್ನು ತೊಳೆಯುವುದು ಇವರ ಕರ್ಮ.

‘ಔಷಧಿ ಒಳಗೆ ಹೋಗೋದನ್ನ ನೋಡೋಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ಹೊರಗೆ ಬಂದಿದ್ದನ್ನ ನೋಡೋಕೆ ನಾನೊಬ್ಬಳೇ’ ಎಂದು ನಗುತ್ತಾರೆ. ತಮಾಷೆಗೆ ಹೇಳಿದ್ದಲ್ಲ. ಚೆಲ್ಲುವ ಮೊದಲು ಪ್ರತಿ ಬಕೆಟ್ಟನ್ನೂ ಬೆಳಕಿಗೆ ಓರೆ ಮಾಡಿ ನೋಡುವುದು ಇವರ ಅಭ್ಯಾಸ. ಏಳನೆಯದನ್ನು ನೋಡಿ ಮೂಗು ಮುರಿಯುತ್ತಾರೆ. ‘ಹತ್ತು ದಿನ ಪಥ್ಯ ಮಾಡಿದ್ದೀನಿ ಅಂದಿದ್ರು ಈ ಪುಣ್ಯಾತ್ಮರು. ಮಧ್ಯಾಹ್ನ ಎಲ್ಲೋ ಹೋಟೆಲಿಗೆ ನುಗ್ಗಿ ಬಂದಿದ್ದಾರೆ. ಬಾಯಿ ಒಂದು ಹೇಳುತ್ತೆ, ಬಕೆಟ್ ಇನ್ನೊಂದು ಹೇಳುತ್ತೆ.’ ಆಮೇಲೆ ಒಂದು ಕೊಡ ನೀರು ಸುರಿದು ಆ ಪುಣ್ಯಾತ್ಮರ ಪಥ್ಯಭಂಗವನ್ನು ಚರಂಡಿಗೆ ಕಳಿಸುತ್ತಾರೆ.

ಊರಿನವರ ಬಾಯಲ್ಲಿ ಇವರು ಮಾತ್ರೆ ಅಕ್ಕ. ಇವರೇನೂ ಮಾತ್ರೆ ಕೊಡುವವರಲ್ಲ. ಬಂದವರನ್ನೆಲ್ಲ ‘ಏನು ಮಾತ್ರೆ ತಗೊಳ್ತೀರಿ?’ ಎಂದು ಕೇಳಿ ಕೇಳಿ ಪ್ರಶ್ನೆಯೇ ಹೆಸರಾಗಿ ಅಂಟಿಕೊಂಡಿದೆ. ಅಂಗಡಿಗೆ ಸಕ್ಕರೆ ತರಲು ಹೋದರೂ ಅಂಗಡಿಯವನು ‘ಅಕ್ಕಾ, ನಾನು ಬೆಳಿಗ್ಗೆ ತಲೆನೋವಿನ ಮಾತ್ರೆ ತಗೊಂಡಿದ್ದೀನಿ, ಸಕ್ಕರೆ ಕೊಡಬಹುದಾ?’ ಎಂದು ಕಾಲೆಳೆಯುತ್ತಾನೆ. ಅಕ್ಕ ನಕ್ಕು ಸುಮ್ಮನಾಗುತ್ತಾರೆ. ನಾಲ್ಕು ವರ್ಷದಿಂದ ಆ ನಗು ಗಂಟಲಿನಿಂದ ಕೆಳಗೆ ಇಳಿಯುತ್ತಿಲ್ಲ ಎಂಬುದು ಸಕ್ಕರೆ ಕಟ್ಟುವವನಿಗೆ ಗೊತ್ತಿಲ್ಲ.

ಈ ಪತ್ರಿಕೆಯಿಂದ ಹೋದವರನ್ನು ಅಕ್ಕ ಎರಡು ಸಲ ಬರಿಗೈಯಲ್ಲಿ ವಾಪಸ್ ಕಳಿಸಿದ್ದಾರೆ. ಮೂರನೇ ಸಲ ಕೂರಿಸಿದ್ದಾರೆ, ಆದರೆ ಒಂದು ಷರತ್ತಿನ ಮೇಲೆ. ‘ನನ್ನ ಬಗ್ಗೆ ಒಳ್ಳೇದು ಎಷ್ಟು ಬೇಕಾದ್ರೂ ಬರ್ಕೊಳ್ಳಿ. ಆದ್ರೆ ನಾನೊಂದು ತಪ್ಪು ಮಾಡಿದ್ದೀನಿ, ಅದರ ಮೇಲೊಂದು ಸುಳ್ಳು ಹೇಳಿದ್ದೀನಿ. ಆ ಸುಳ್ಳಿನ ಭಾರ ಹೊತ್ತವರು ಬೇರೆಯವರು. ಅದನ್ನ ಬರೆಯೋದಾದ್ರೆ ಮಾತ್ರ ಉಳಿದಿದ್ದೆಲ್ಲ ಬರೀರಿ. ಇಲ್ದಿದ್ರೆ ಎದ್ದು ಹೋಗಿ, ನನಗೆ ಇನ್ನೂ ನಾಲ್ಕು ಬಕೆಟ್ ಇದೆ.’

ಶೆಡ್ಡು ಇರುವುದು ಊರಿನ ಕೊನೆಯ ಬೀದಿಯ ಕೊನೆಯ ಮನೆಯ ಹಿತ್ತಲಲ್ಲಿ. ಹಿತ್ತಲು ದಾಟಿದರೆ ಹೊಳೆ, ಹೊಳೆ ದಾಟಿದರೆ ಬಿಸಿಲು ನೆಲ ಮುಟ್ಟದಂಥ ಕಾಡು. ಮನೆಯ ಯಜಮಾನರು ವೈದ್ಯಜ್ಜ. ವಯಸ್ಸು ಎಪ್ಪತ್ತೆಂಟು, ಮಾತು ಕಡಿಮೆ, ಹಾಡು ಜಾಸ್ತಿ. ಅವರ ತಂದೆ, ಅಜ್ಜ, ಮುತ್ತಜ್ಜ ಎಲ್ಲರೂ ಕಾಡಿನ ಔಷಧಿ ಕೊಟ್ಟವರೇ. ಗಾಯಕ್ಕೊಂದು ಎಲೆ, ಜ್ವರಕ್ಕೊಂದು ತೊಗಟೆ, ಮನಸ್ಸಿಗೆ ಈ ಬಳ್ಳಿ. ಹೆಬ್ಬೆರಳಿನ ದಪ್ಪದ ಬಳ್ಳಿಯನ್ನು ಜಜ್ಜಿ, ಇನ್ನೊಂದು ಗಿಡದ ಎಲೆಯ ಜೊತೆ ದಿನವಿಡೀ ಕುದಿಸಿದರೆ ಕೆಸರಿನ ಬಣ್ಣದ ಕಷಾಯ ಇಳಿಯುತ್ತದೆ. ಕುಡಿದವರಿಗೆ ಅರ್ಧ ಗಂಟೆಯಲ್ಲಿ ಹೊಟ್ಟೆ ತೊಳಸುತ್ತದೆ. ಕಣ್ಣು ಮುಚ್ಚಿದರೆ ಬಣ್ಣ ಕಾಣುತ್ತದೆ. ಸತ್ತವರು, ಮರೆತವರು, ಮುಖ ಕೊಟ್ಟು ಮಾತಾಡದೆ ಬಿಟ್ಟವರು ಬಂದು ಎದುರಿಗೆ ಕೂರುತ್ತಾರೆ ಎಂದು ಕುಡಿದವರು ಹೇಳುತ್ತಾರೆ.

‘ನಮ್ಮಜ್ಜನ ಕಾಲದಲ್ಲಿ ರೋಗಿ ಕುಡೀತಿರಲಿಲ್ಲ. ವೈದ್ಯ ಕುಡೀತಿದ್ದ. ಕುಡಿದು, ರೋಗಿಗೆ ಏನಾಗಿದೆ ಅಂತ ನೋಡಿ ಹೇಳ್ತಿದ್ದ’ ಎನ್ನುತ್ತಾರೆ ವೈದ್ಯಜ್ಜ. ‘ಈಗ ಎಲ್ಲರಿಗೂ ತಾವೇ ನೋಡಬೇಕು ಅಂತ ಆಸೆ. ಸರಿ, ನೋಡ್ಲಿ. ನೋಡೋಕೆ ಮೊದಲು ಮೈ ಖಾಲಿ ಇರಬೇಕು, ಅಷ್ಟೇ.’ ಹತ್ತು ದಿನ ಉಪ್ಪು, ಎಣ್ಣೆ, ಮದ್ಯ ಬಿಡಬೇಕು. ಒಡಲಲ್ಲಿ ಇನ್ನೊಂದು ಔಷಧಿ ಇದ್ದರೆ ಬಳ್ಳಿ ಮುನಿಯುತ್ತದೆ ಎಂಬುದು ಹಿರಿಯರ ಮಾತು. ಏಳು ವರ್ಷದ ಹಿಂದೆ ಊರಿನ ಆಸ್ಪತ್ರೆಯ ಡಾಕ್ಟರಮ್ಮ ಬಂದು ಇದೇ ಮಾತನ್ನು ಬೇರೆ ಭಾಷೆಯಲ್ಲಿ ಹೇಳಿದರು. ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳ ಜೊತೆ ಈ ಕಷಾಯ ಸೇರಿದರೆ ಮೈ ಕಾದು, ಬಿಗಿದು, ಪ್ರಾಣಕ್ಕೇ ಕುತ್ತು ಬರಬಹುದು. ಹೃದಯದ ತೊಂದರೆ ಇದ್ದವರಿಗಂತೂ ಬೇಡವೇ ಬೇಡ. ಬಂದವರನ್ನೆಲ್ಲ ಕೇಳಿಯೇ ಕುಡಿಸಿ ಎಂದರು.

ಕೇಳುವವರು ಯಾರು? ವೈದ್ಯಜ್ಜ ನಾಲ್ಕು ಜನರ ಮುಂದೆ ಬಾಯಿ ಬಿಡುವವರಲ್ಲ. ಫೋನಿನಲ್ಲಿ ಬರುವವರ ದಿನ ಗೊತ್ತು ಮಾಡುವ ಅವರ ಸೊಸೆಗೆ ವ್ಯವಧಾನವಿಲ್ಲ. ಕೊನೆಗೆ ಆ ಕೆಲಸ ಬಕೆಟ್ಟು ತೊಳೆಯುವವರ ತಲೆಗೆ ಬಂತು. ಕಷ್ಟದ ಕೆಲಸಗಳು ಇಳಿಜಾರಿನ ನೀರಿನ ಹಾಗೆ, ಎಲ್ಲಕ್ಕಿಂತ ಕೆಳಗೆ ಇದ್ದವರನ್ನು ಹುಡುಕಿಕೊಂಡು ಬರುತ್ತವೆ.

ಅಕ್ಕ ಈ ಹಿತ್ತಲಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಬಂದಿದ್ದು ಗಂಡನ ಜೊತೆ. ಮರ ಕೊಯ್ಯುವ ಮಿಲ್ಲಿನಲ್ಲಿದ್ದ ಮನುಷ್ಯ. ಸಂಬಳ ಕೈಗೆ ಬಂದ ದಿನ ಮನೆಯ ದಾರಿ ಮರೆಯುತ್ತಿದ್ದ. ವೈದ್ಯಜ್ಜ ನಾಲ್ಕು ಸಲ ಬಳ್ಳಿ ಕುಡಿಸಿದರು. ಮೂರನೇ ಸಲ ಅವನು ಬಕೆಟ್ಟು ಹಿಡಿದುಕೊಂಡು ಮಗುವಿನ ಹಾಗೆ ಅತ್ತಿದ್ದನ್ನು ಅಕ್ಕ ಪಕ್ಕದಲ್ಲೇ ಕೂತು ನೋಡಿದ್ದಾರೆ. ಆಮೇಲೆ ಆರು ವರ್ಷ ಆತ ಕುಡಿಯಲಿಲ್ಲ. ಏಳನೇ ವರ್ಷ ಕಾಮಾಲೆಯಲ್ಲಿ ತೀರಿಕೊಂಡ. ಬಳ್ಳಿ ಬಿಡಿಸಿತಾ ಎಂದು ಕೇಳಿದರೆ ಅಕ್ಕ ಒಪ್ಪುವುದಿಲ್ಲ. ‘ಬಿಟ್ಟಿದ್ದು ಅವರು. ಬಳ್ಳಿ ಬೆನ್ನು ತಟ್ಟಿತು, ಅಷ್ಟೇ. ಬೆನ್ನು ತಟ್ಟಿಸಿಕೊಂಡು ವಾಪಸ್ ಹೋಗಿ ಮತ್ತೆ ಬಾಟ್ಲಿ ಹಿಡಿದವರನ್ನೂ ನೋಡಿದ್ದೀನಿ.’ ಆ ಆರು ವರ್ಷದ ಋಣಕ್ಕೆ ಬಕೆಟ್ಟು ತೊಳೆಯಲು ನಿಂತವರು ಇಲ್ಲೇ ಉಳಿದಿದ್ದಾರೆ. ಪಕ್ಕದ ಊರಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಅತ್ತೆಮನೆಯಲ್ಲಿ ‘ಅಮ್ಮ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾರೆ’ ಎಂದು ಹೇಳಿಕೊಂಡಿದ್ದಾಳೆ. ಅದನ್ನು ಅಕ್ಕ ತಿದ್ದಲು ಹೋಗಿಲ್ಲ. ಮಗಳಿಗೆ ತನ್ನ ಬಗ್ಗೆ ನಾಚಿಕೆಯಾದರೆ ಅದರಲ್ಲಿ ತಪ್ಪೇನು ಎಂದು ಅವರಿಗೇ ಒಳಗೊಳಗೆ ಅನಿಸುತ್ತದೆ.

ಬಕೆಟ್ಟುಗಳು ಬೋರಲಾಗಿ ಒಣಗಲು ಕೂತ ಮೇಲೆ ಎರಡನೇ ಕೆಲಸ ಶುರು. ವಾರಕ್ಕೆ ಮೂವತ್ತು ಮೂವತ್ತೈದು ಜನ ಬರುತ್ತಾರೆ. ಅದರಲ್ಲಿ ಎಂಟೊಂಬತ್ತು ಜನರನ್ನು ಅಕ್ಕ ಕುಡಿಸದೆ ಕಳಿಸುತ್ತಾರೆ. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ನಲ್ಲಿಯ ಹತ್ತಿರ ಕರೆಯುತ್ತಾರೆ, ಕಲ್ಲಿನ ಮೇಲೆ ಕೂರಿಸುತ್ತಾರೆ. ಆಮೇಲೆ ತಾವು ಅವರಿಗೆ ಬೆನ್ನು ತಿರುಗಿಸಿ ಕೂತು, ಆಗಲೇ ತೊಳೆದ ಬಕೆಟ್ಟನ್ನೇ ಮತ್ತೆ ಉಜ್ಜುತ್ತಾ ಕೇಳುತ್ತಾರೆ: ‘ಏನು ಮಾತ್ರೆ ತಗೊಳ್ತೀರಿ?’

ಮೊದಲ ಸಲ ಹೆಚ್ಚಿನವರದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ. ‘ಅಂಥದ್ದೇನಿಲ್ಲ’, ‘ಯಾವಾಗಲೋ ಒಂದು’, ‘ವಿಟಮಿನ್ನು’. ಅಕ್ಕ ಜಗಳಕ್ಕೆ ಹೋಗುವುದಿಲ್ಲ. ಬಕೆಟ್ಟು ಉಜ್ಜುತ್ತಲೇ ಇರುತ್ತಾರೆ. ‘ಮುಖ ನೋಡಿ ಕೇಳಿದ್ರೆ ಜನ ಮರ್ಯಾದೆ ಉಳಿಸ್ಕೊಳ್ತಾರೆ. ಬೆನ್ನಿಗೆ ಹೇಳೋಕೆ ಅಷ್ಟು ಕಷ್ಟ ಆಗಲ್ಲ’ ಎನ್ನುತ್ತಾರೆ. ಪಕ್ಕದಲ್ಲೊಂದು ರಟ್ಟಿನ ಹಲಗೆ. ಅದರ ಮೇಲೆ ಡಾಕ್ಟರಮ್ಮ ಅಂಟಿಸಿಕೊಟ್ಟ ನಲವತ್ತೊಂದು ಖಾಲಿ ಮಾತ್ರೆ ಹಾಳೆಗಳು, ಬೆಳ್ಳಿ ಬಣ್ಣದವು, ನೀಲಿ, ಗುಲಾಬಿ. ಹೆಸರು ಹೇಳಲಾಗದವರು ಬೆರಳು ತೋರಿಸಿದರೂ ಸಾಕು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಶೆಡ್ಡಿನೊಳಗೆ ಕಾಲಿಡುವ ಮೊದಲು ಒಮ್ಮೆ, ಹೀಗೆ ಮೂರು ಸಲ ಕೇಳುತ್ತಾರೆ. ಊರಿನ ದೊಡ್ಡ ಮನುಷ್ಯರಿಗೂ ಮೂರು ಸಲ, ತಮ್ಮ ಸ್ವಂತ ಅಣ್ಣನಿಗೂ ಮೂರು ಸಲ. ಅಣ್ಣ ಸಿಟ್ಟಾಗಿ ಆರು ತಿಂಗಳು ಮಾತು ಬಿಟ್ಟಿದ್ದರು.

ಮೊನ್ನೆ ಬಂದ ಯುವತಿಯೊಬ್ಬಳು ಬೆಳಿಗ್ಗೆ ಇಲ್ಲ ಎಂದಳು, ಮಧ್ಯಾಹ್ನ ಇಲ್ಲ ಎಂದಳು. ಮೂರನೇ ಸಲ ಅಕ್ಕನ ಬೆನ್ನು ನೋಡುತ್ತಾ ಸಣ್ಣ ದನಿಯಲ್ಲಿ, ‘ಎರಡು ವರ್ಷದಿಂದ ತಗೊಳ್ತಿದ್ದೀನಿ, ನನ್ನ ಗಂಡನಿಗೂ ಗೊತ್ತಿಲ್ಲ’ ಎಂದಳು. ಅಕ್ಕ ತಿರುಗಿ ನೋಡಲಿಲ್ಲ. ‘ಒಳ್ಳೇದಾಯ್ತು ಹೇಳಿದ್ದು. ಬಳ್ಳಿ ನಿಮಗಲ್ಲ. ಗಂಜಿ ಕುಡಿದು ಹೋಗಿ’ ಎಂದಷ್ಟೇ ಹೇಳಿದರು. ಹಾಗಾದರೆ ಮಾತ್ರೆ ಬಿಟ್ಟು ಬರುತ್ತೇನೆ ಎಂದಳು ಅವಳು. ಆಗ ಮಾತ್ರ ಅಕ್ಕನ ದನಿ ಏರಿತು. ‘ಅದನ್ನ ನಿಲ್ಲಿಸೋದೂ ಬಿಡೋದೂ ನಿಮ್ಮ ಡಾಕ್ಟರು. ನಾನಲ್ಲ, ನೀವಲ್ಲ, ಬಳ್ಳಿಯೂ ಅಲ್ಲ.’

ಇಷ್ಟನ್ನು ನೋಡಿದರೆ ಯಾರಿಗಾದರೂ ಶಭಾಶ್ ಎನ್ನಬೇಕೆನಿಸುತ್ತದೆ. ಪತ್ರಿಕೆಯವರು ಅಂದೂ ಬಿಟ್ಟರು. ಅಕ್ಕನ ಕೈ ನಿಂತಿತು. ‘ಶಭಾಶ್ ಅನ್ನಬೇಡಿ. ಈ ಬೆನ್ನು ತಿರುಗಿಸಿ ಕೇಳೋದು ನನಗೆ ಬುದ್ಧಿವಂತಿಕೆಯಿಂದ ಬಂದಿದ್ದಲ್ಲ, ತಪ್ಪು ಮಾಡಿ ಕಲಿತಿದ್ದು’ ಎಂದರು. ಇನ್ನು ಮುಂದಿನದನ್ನು ಹೇಳುವಾಗ ಅವರು ಬಕೆಟ್ಟಿಗೆ ಕೈ ಹಚ್ಚಲಿಲ್ಲ. ಮಡಿಲಲ್ಲಿ ಎರಡೂ ಕೈ ಇಟ್ಟುಕೊಂಡು, ನೆಲ ನೋಡುತ್ತಾ ಹೇಳಿದರು.

ಮೊದಲ ಮೂರು ವರ್ಷ ಅಕ್ಕ ಪ್ರಶ್ನೆ ಕೇಳುತ್ತಿದ್ದುದು ಮನೆಯ ಮುಂದಿನ ಕೋಣೆಯಲ್ಲಿ. ಗೋಡೆಗೆ ಹಾಕಿದ ಬೆಂಚಿನ ಮೇಲೆ ಎಲ್ಲರೂ ಸಾಲಾಗಿ ಕೂರುತ್ತಿದ್ದರು. ಅಕ್ಕ ನೋಟ್‌ಬುಕ್ಕು ಹಿಡಿದು ಒಂದು ತುದಿಯಿಂದ ಶುರು ಮಾಡುತ್ತಿದ್ದರು. ಮಾತ್ರೆ ಇದೆ ಎಂದರೆ ಹೆಸರಿನ ಮುಂದೆ ಸೊನ್ನೆ, ಇಲ್ಲ ಎಂದರೆ ಅಡ್ಡಗೀಟು. ಕೇಳಿದ್ದು, ಹೇಳಿದ್ದು ಎಲ್ಲವೂ ಕೋಣೆಗೆಲ್ಲ ಕೇಳಿಸುತ್ತಿತ್ತು. ಅದರಲ್ಲೇನು ತಪ್ಪು ಎಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಆ ದಿನ ಬೆಂಚಿನ ಮೇಲೆ ಒಂಬತ್ತು ಜನ. ಐದನೆಯವರು ಮೇಷ್ಟ್ರು. ಊರಿನ ಅರ್ಧದಷ್ಟು ಜನಕ್ಕೆ ಅಕ್ಷರ ಕಲಿಸಿ ನಿವೃತ್ತರಾದವರು, ಆಮೇಲೂ ಮನೆಯ ಜಗಲಿಯಲ್ಲಿ ಹದಿನೆಂಟು ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಅಕ್ಕನಿಗೆ ಮದುವೆಯಾಗಿ ಮಗಳು ಹುಟ್ಟಿದ ಮೇಲೆ ಸಂಜೆ ಶಾಲೆಯಲ್ಲಿ ಹೆಸರು ಬರೆಯಲು, ಅಂಕಿ ಬರೆಯಲು ಕಲಿಸಿದವರೂ ಅವರೇ. ಹೆಂಡತಿ ತೀರಿಕೊಂಡು ಒಂದು ವರ್ಷವಾಗಿತ್ತು. ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಬಳ್ಳಿ ಕುಡಿದರೆ ಎದೆಯ ಭಾರ ಇಳಿಯುತ್ತದೆಂದು ಯಾರೋ ಹೇಳಿದ್ದರು. ಅವರ ಎರಡೂ ಪಕ್ಕ ಕೂತವರು ಅವರ ಹಳೆಯ ಶಿಷ್ಯರು.

ನಾಲ್ಕನೆಯವರನ್ನು ಕೇಳಿ ಮುಗಿಸಿ ಅಕ್ಕ ಮೇಷ್ಟ್ರ ಮುಂದೆ ಬಂದು ನಿಂತರು. ಅಕ್ಷರ ಕಲಿಸಿದ ಗುರುಗಳನ್ನು, ಅವರ ಶಿಷ್ಯರ ಮುಂದೆ, ತಲೆಯ ಕಾಯಿಲೆಗೆ ಮಾತ್ರೆ ತಗೊಳ್ತೀರಾ ಎಂದು ಹೇಗೆ ಕೇಳುವುದು? ‘ಮೇಷ್ಟ್ರಿಗೆ ಏನು ಕೇಳೋದು!’ ಎಂದು ನಕ್ಕು, ಅವರ ಹೆಸರಿನ ಮುಂದೆ ತಾವೇ ಅಡ್ಡಗೀಟು ಎಳೆದು, ಆರನೆಯವರ ಹತ್ತಿರ ಹೋದರು. ಅದನ್ನು ಮರ್ಯಾದೆ ಎಂದುಕೊಂಡಿದ್ದರು.

ಮೇಷ್ಟ್ರ ಅಂಗಿಯ ಜೇಬಿನಲ್ಲಿ ಮಾತ್ರೆಯ ಹಾಳೆ ಇತ್ತು. ಕೇಳುತ್ತಾರೆಂದು ಗೊತ್ತಿದ್ದು ತೋರಿಸಲೆಂದೇ ತಂದಿದ್ದರು.

ಕಷಾಯ ಕುಡಿದು ಗಂಟೆಯೊಳಗೆ ಅವರ ಮೈ ಕೆಂಡವಾಯಿತು. ಕಾಲು ಸೆಟೆದು ನಡುಗತೊಡಗಿದವು. ದವಡೆ ಕಚ್ಚಿಕೊಂಡಿತು. ವೈದ್ಯಜ್ಜ ಹಾಡು ನಿಲ್ಲಿಸಿದರು. ಅವರ ಹಾಡು ಅರ್ಧಕ್ಕೆ ನಿಂತಿದ್ದನ್ನು ಅಕ್ಕ ಕೇಳಿದ್ದು ಅದೊಂದೇ ಸಲ. ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಅಂಗಿ ಬಿಚ್ಚುವಾಗ ಜೇಬಿನ ಹಾಳೆ ಕೆಳಗೆ ಬಿತ್ತು. ಡಾಕ್ಟರಮ್ಮ ಅದನ್ನು ಎತ್ತಿ ನೋಡಿ, ಅಕ್ಕನ ಕಡೆ ತಿರುಗಿ ಒಂದೇ ಮಾತು ಕೇಳಿದರು: ‘ಇವರನ್ನ ಕೇಳಿದ್ರಾ?’

‘ಕೇಳಿದ್ದೆ. ಇಲ್ಲ ಅಂದ್ರು’ ಎಂದರು ಅಕ್ಕ.

ಪ್ರಾಣಭಯಕ್ಕೆ ಬಂದ ಮಾತು, ಬಾಯಿ ತಪ್ಪಿ ಬಂದ ಮಾತು ಎಂದೆಲ್ಲ ತಮಗೆ ತಾವೇ ಹೇಳಿಕೊಂಡು ನೋಡಿದ್ದಾರೆ. ‘ಯಾವುದೂ ಅಲ್ಲ. ಎರಡು ಸೆಕೆಂಡು ಯೋಚನೆ ಮಾಡಿ ಹೇಳಿದ್ದು. ನೋಟ್‌ಬುಕ್ಕಲ್ಲಿ ಗೀಟಿದೆ ಅಂತ ನೆನಪು ಬಂತು. ಅದೇ ಧೈರ್ಯ. ಆ ಗೀಟು ಎಳೆಯೋಕೆ ಕಲಿಸಿದವರು ಅಲ್ಲಿ ಮಂಚದ ಮೇಲೆ ನಡುಗ್ತಾ ಮಲಗಿದ್ರು.’

ಮೇಷ್ಟ್ರು ಎಂಟು ದಿನಕ್ಕೆ ಎದ್ದು ಮನೆಗೆ ಬಂದರು. ಮೈಗೆ ಯಾವ ಊನವೂ ಉಳಿಯಲಿಲ್ಲ. ಆದರೆ ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಮೇಷ್ಟ್ರು ತಲೆ ಮಾತ್ರೆ ನುಂಗುತ್ತಾರಂತೆ ಎಂಬುದು ಒಂದು ವಾರದ ಮಾತು. ಕೇಳಿದರೂ ಹೇಳದೆ ಸುಳ್ಳು ಹೇಳಿ ಕುಡಿದರಂತೆ, ಪಾಪದ ವೈದ್ಯಜ್ಜನ ಮನೆಗೆ ಬೀಗ ಹಾಕಿಸುತ್ತಿದ್ದರಂತೆ ಎಂಬುದು ನಾಲ್ಕು ವರ್ಷದ ಮಾತು. ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಕಲಿಸುವವರೇ ಹೀಗೆ ಎಂದು ತಾಯಂದಿರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಜಗಲಿಯ ಹದಿನೆಂಟು ಮಕ್ಕಳು ಎಂಟಾಗಿ, ಮೂರಾಗಿ, ಒಂದು ದಿನ ಯಾರೂ ಬರಲಿಲ್ಲ. ಮೇಷ್ಟ್ರು ಯಾರ ಹತ್ತಿರವೂ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ಅಕ್ಕ ಮರುವಾರವೇ ಬೆಂಚನ್ನು ಎತ್ತಿಸಿದರು. ನಲ್ಲಿಯ ಪಕ್ಕ ಕಲ್ಲು ಹಾಕಿಸಿದರು. ಮೂರು ಸಲ ಕೇಳತೊಡಗಿದರು. ಅವತ್ತಿನಿಂದ ಇಲ್ಲಿಯವರೆಗೆ ಸಾವಿರಕ್ಕೂ ಹೆಚ್ಚು ಜನರನ್ನು ಕುಡಿಸದೆ ಮನೆಗೆ ಕಳಿಸಿದ್ದಾರೆ. ಡಾಕ್ಟರಮ್ಮ ಬೇರೆ ವೈದ್ಯಮನೆಗಳಿಗೆ ಹೋದಾಗ ‘ಆ ಅಕ್ಕನನ್ನ ನೋಡಿ ಕಲೀರಿ’ ಎನ್ನುತ್ತಾರಂತೆ. ಅದನ್ನು ಕೇಳಿದಾಗಲೆಲ್ಲ ಭೂಮಿ ಬಾಯಿ ಬಿಡಬಾರದೇ ಎನಿಸುತ್ತದೆ ಅಕ್ಕನಿಗೆ. ಜನ ಹೊಗಳಿದಷ್ಟೂ ಸುಳ್ಳಿಗೆ ಬಡ್ಡಿ ಬೆಳೆದ ಹಾಗೆ. ನಾಲ್ಕು ವರ್ಷದಲ್ಲಿ ಮೇಷ್ಟ್ರ ಬೀದಿಗೆ ಕಾಲಿಟ್ಟಿಲ್ಲ. ಮಾರ್ಕೆಟ್ಟಿಗೆ ಹೋಗಲು ಅದೇ ಹತ್ತಿರದ ದಾರಿ. ಅಕ್ಕ ಹೊಳೆಯ ದಂಡೆ ಹಿಡಿದು, ನೋಯುವ ಮಂಡಿ ಎಳೆದುಕೊಂಡು, ಅರ್ಧ ಮೈಲಿ ಸುತ್ತಿ ಹೋಗುತ್ತಾರೆ.

ಈಗ ಹೇಳಬೇಕೆಂದು ಏಕೆ ಅನಿಸಿತು? ಅಕ್ಕನಿಗೆ ಅದಕ್ಕೆ ದೊಡ್ಡ ಕಾರಣವೇನೂ ಗೊತ್ತಿಲ್ಲ. ‘ನೀವು ಹೊಗಳಿ ಬರೆಯೋಕೆ ಬಂದ್ರಿ. ಇದುವರೆಗೆ ಬಾಯಲ್ಲಿ ಹೊಗಳ್ತಿದ್ರು, ಸಹಿಸ್ಕೊಂಡೆ. ಅಚ್ಚಲ್ಲಿ ಹೊಗಳಿಸ್ಕೊಂಡ್ರೆ ಆಮೇಲೆ ನಾನು ಮನುಷ್ಯಳೇ ಅಲ್ಲ.’

ಅಚ್ಚಿಗೆ ಹೋಗುವ ಮೊದಲು ಮೂವರಿಗೆ ತಿಳಿಸಬೇಕಿತ್ತು. ಮಗಳಿಗೆ ಫೋನ್ ಮಾಡಿದರು. ‘ಅಮ್ಮಾ, ಯಾರೂ ಕೇಳ್ತಿಲ್ಲ. ನೀನೇ ಯಾಕೆ ಕೆಸರು ಕಲಕ್ತೀಯ?’ ಎಂದಳು ಅವಳು, ಆಮೇಲೆ ಅತ್ತಳು. ಎರಡನೆಯವರು ವೈದ್ಯಜ್ಜ. ಅವರು ಹಿತ್ತಲಲ್ಲಿ ಬಳ್ಳಿಯ ಸಿಪ್ಪೆ ಕೆರೆಯುತ್ತಾ ಕೂತಿದ್ದರು. ಪೇಪರಿನಲ್ಲಿ ಬಂದರೆ ಶೆಡ್ಡಿಗೆ ಬೀಗ ಬೀಳುತ್ತದೆ, ಹೊತ್ತಿನ ಊಟಕ್ಕೂ ತತ್ವಾರವಾಗುತ್ತದೆ ಎಂದು ಸೊಸೆ ಕೂಗಾಡಿದಳು. ಅವಳು ಹೇಳಿದ್ದರಲ್ಲಿ ಸುಳ್ಳೇನಿಲ್ಲ, ಹಾಗಾಗಲೂಬಹುದು. ಅಜ್ಜ ಕೆರೆಯುವುದನ್ನು ನಿಲ್ಲಿಸಿದರು. ‘ಲೋಟ ಕೊಟ್ಟಿದ್ದು ನನ್ನ ಕೈ. ನಾನೂ ಕೇಳಲಿಲ್ಲ. ಬರೆಸು’ ಎಂದರು.

ಮೂರನೆಯವರ ಮನೆಗೆ ಅಕ್ಕ ಹೊರಟಿದ್ದು ಬೆಳಿಗ್ಗೆ ಒಂಬತ್ತಕ್ಕೆ. ಪತ್ರಿಕೆಯವರು ಗೇಟಿನ ಹೊರಗೇ ನಿಲ್ಲಬೇಕೆಂದು ಅಕ್ಕನ ಆಜ್ಞೆ. ಜಗಲಿಯಲ್ಲಿ ಮಕ್ಕಳು ಕೂರುತ್ತಿದ್ದ ಬೆಂಚುಗಳನ್ನು ಗೋಡೆಗೆ ಒರಗಿಸಿಟ್ಟಿದ್ದಾರೆ. ಮೇಷ್ಟ್ರು ಕೊನೆಯ ಮೆಟ್ಟಿಲ ಮೇಲೆ ಕೂತು ಹೂಕುಂಡಗಳ ಮಣ್ಣು ಕೆದಕುತ್ತಿದ್ದಾರೆ. ಅಕ್ಕನನ್ನು ಕಂಡು ಕನ್ನಡಕ ಸರಿ ಮಾಡಿಕೊಳ್ಳುತ್ತಾರೆ. ಗೇಟಿನ ಹೊರಗೆ ನಿಂತವರನ್ನೂ ಕಂಡು ‘ಅವರನ್ನ ಯಾಕೆ ಬಿಸಿಲಲ್ಲಿ ನಿಲ್ಲಿಸಿದ್ದೀಯ, ಒಳಗೆ ಕರಿ’ ಎನ್ನುತ್ತಾರೆ.

ಪತ್ರಿಕೆಯವರು ಒಳಗೆ ಬರುತ್ತಾರೆ. ಅಕ್ಕ ಕೂರುವುದಿಲ್ಲ. ‘ಮೇಷ್ಟ್ರೇ, ಆ ದಿನ ನಾನು ನಿಮ್ಮನ್ನ ಕೇಳಲಿಲ್ಲ.’

‘ಗೊತ್ತು. ನಾನೂ ಅಲ್ಲೇ ಇದ್ದೆನಲ್ಲ.’

‘ಡಾಕ್ಟರಮ್ಮನ ಹತ್ರ ಕೇಳಿದ್ದೆ ಅಂದೆ. ನೀವೇ ಇಲ್ಲ ಅಂದ್ರಿ ಅಂತ ಹೇಳಿದೆ.’

‘ಅದೂ ಗೊತ್ತು. ಮೈ ನಡುಗ್ತಿತ್ತು, ಕಿವಿ ಸರಿಯಾಗೇ ಇತ್ತು.’

ಇದನ್ನು ಅಕ್ಕ ಎಣಿಸಿರಲಿಲ್ಲ. ನಾಲ್ಕು ವರ್ಷದಿಂದ ತಾವೊಬ್ಬರೇ ಬಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡಿದ್ದ ಮಾತನ್ನು ಇವರು ಅಲ್ಲೇ, ಆ ಹೊತ್ತಿಗೇ ಕೇಳಿಸಿಕೊಂಡಿದ್ದಾರೆ. ಅಕ್ಕ ಕೇಳುತ್ತಾರೆ: ‘ಮತ್ತೆ ಯಾಕೆ ಸುಮ್ಮನಿದ್ರಿ?’

ಮೇಷ್ಟ್ರು ಮಣ್ಣಿನ ಹೆಂಟೆಯೊಂದನ್ನು ಬೆರಳಲ್ಲಿ ಪುಡಿ ಮಾಡುತ್ತಾರೆ. ‘ಮೊದಲು ಬಹಳ ಸಿಟ್ಟಿತ್ತು. ಬೀದೀಲಿ ನಿಂತು ಕೂಗಬೇಕು ಅನ್ನಿಸ್ತಿತ್ತು. ಆದ್ರೆ ಏನಂತ ಕೂಗ್ಲಿ? ನೀನು ನನ್ನ ಬಿಟ್ಟು ಪಕ್ಕದವನ ಹತ್ರ ಹೋದಾಗ, ಅಬ್ಬಾ ಬಚಾವಾದೆ ಅಂದ್ಕೊಂಡೆ. ಜೇಬಿನ ಮೇಲೆ ಕೈ ಇಟ್ಕೊಂಡೇ ಅಂದ್ಕೊಂಡೆ. ನನಗೂ ಬಾಯಿತ್ತು. ಆ ಇಬ್ಬರು ಹುಡುಗರ ಮುಂದೆ ಸಣ್ಣವನಾಗೋದು ಬೇಡ ಅಂತ ನಾನೂ ಬಾಯಿ ಬಿಡಲಿಲ್ಲ.’

‘ಕೇಳೋ ಕೆಲಸ ನಂದಾಗಿತ್ತು.’

‘ಹೌದು. ಕೇಳೋ ಕೆಲಸ ನಿಂದಾಗಿತ್ತು’ ಎನ್ನುತ್ತಾರೆ ಮೇಷ್ಟ್ರು. ಅದರಲ್ಲಿ ಎಳ್ಳಷ್ಟೂ ರಿಯಾಯಿತಿ ಕೊಡುವುದಿಲ್ಲ.

ಅಕ್ಕನ ಕಣ್ಣು ತುಂಬುತ್ತದೆ. ಒರೆಸಿಕೊಳ್ಳುವುದಿಲ್ಲ. ‘ಹೊಟ್ಟೆಗೆ ಹಾಕ್ಕೊಳ್ಳಿ ಮೇಷ್ಟ್ರೇ.’

‘ಹಾಕ್ಕೊಳ್ಳೋಕೆ ಸ್ವಲ್ಪ ಸಮಯ ಬೇಕಮ್ಮ. ಹೇಳೋಕೆ ನೀನು ನಾಲ್ಕು ವರ್ಷ ತಗೊಂಡೆ.’

ಅಷ್ಟು ಹೇಳಿ ಒಳಗೆ ಹೋಗಿ ಮೂರು ಲೋಟ ನೀರು ತರುತ್ತಾರೆ. ಅಕ್ಕ ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿಯುತ್ತಾರೆ. ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ. ಆಮೇಲೆ ಬಂದ ಕೆಲಸ ಕೇಳುತ್ತಾರೆ. ‘ಪೇಪರಲ್ಲಿ ಹಾಕಿಸ್ಲಾ? ಮತ್ತೆ ನಿಮ್ಮ ಮಾತೆತ್ತಿ ಆಡ್ಕೊಳ್ತಾರೆ. ನೀವು ಬೇಡ ಅಂದ್ರೆ ಬೇಡ.’

‘ಮಾತ್ರೆ ತಗೊಳ್ತೀನಿ ಅನ್ನೋದು ಊರಿಗೆಲ್ಲ ಗೊತ್ತು. ಅದಕ್ಕೆ ನಾಚೋದನ್ನ ಬಿಟ್ಟು ಎರಡು ವರ್ಷ ಆಯ್ತು. ಈಗ ನಿದ್ದೆ ಬರುತ್ತೆ, ಊಟ ಸೇರುತ್ತೆ. ಸುಳ್ಳ ಅಂತಾರಲ್ಲ, ಅದೊಂದು...’ ಮೇಷ್ಟ್ರು ಗೋಡೆಗೆ ಒರಗಿಸಿಟ್ಟ ಬೆಂಚುಗಳ ಕಡೆ ನೋಡುತ್ತಾರೆ. ‘ಹಾಕಿಸು. ನಾನು ಬಚಾವಾದೆ ಅಂದ್ಕೊಂಡಿದ್ದನ್ನೂ ಹಾಕಿಸು. ಅರ್ಧಂಬರ್ಧ ಬೇಡ.’

ಮಧ್ಯಾಹ್ನ ಶೆಡ್ಡಿನ ಹಿಂದೆ ಅಕ್ಕ ಹೇಳುತ್ತಾರೆ, ಪತ್ರಿಕೆಯವರು ಬರೆದುಕೊಳ್ಳುತ್ತಾರೆ. ಬರೆದಿದ್ದನ್ನು ಓದಿ ಹೇಳಬೇಕು ಎಂದು ಹಟ. ಓದಿದರು: ‘ಆ ದಿನ ಮೇಷ್ಟ್ರನ್ನು ಕೇಳಲು ಮರೆತೆ.’

‘ಮರೀಲಿಲ್ಲ’ ಎನ್ನುತ್ತಾರೆ ಅಕ್ಕ. ‘ಕೇಳಲಿಲ್ಲ. ಸರಿಯಾಗಿ ಬರೀರಿ. ನನ್ನ ಮೇಲೆ ಕನಿಕರ ಬೇಡ.’

ಎರಡನೇ ಸಲ ಬರೆದಿದ್ದು ಹೀಗೆ: ‘ಮೇಷ್ಟ್ರನ್ನು ನಾನು ಕೇಳಲಿಲ್ಲ. ಕೇಳದೆ ನಾನೇ ಗೀಟು ಎಳೆದೆ. ಕೇಳಿದ್ದೆ ಎಂದು ಸುಳ್ಳು ಹೇಳಿದೆ. ಅವರು ಸುಳ್ಳು ಹೇಳಲಿಲ್ಲ.’ ಇದನ್ನು ಎರಡು ಸಲ ಓದಿಸಿ ಕೇಳಿ, ಮೂರನೇ ಸಲ ತಾವೇ ಅಕ್ಷರದ ಮೇಲೆ ಬೆರಳಿಟ್ಟುಕೊಂಡು ಓದುತ್ತಾರೆ. ನಿಧಾನಕ್ಕೆ ಓದುತ್ತಾರೆ. ಕೊನೆಯ ಸಾಲಿಗೆ ಬಂದಾಗ ದನಿ ಸ್ವಲ್ಪ ಜೋರಾಗುತ್ತದೆ.

‘ನಿಮ್ಮ ಪೇಪರು ಮೇಷ್ಟ್ರ ಬೀದಿಗೆ ಬರುತ್ತಾ?’

ಬರುತ್ತದೆ ಎಂದರು ಪತ್ರಿಕೆಯವರು.

‘ಹಾಗಿದ್ರೆ ಅವತ್ತು ಮಾರ್ಕೆಟ್ಟಿಗೆ ಆ ಬೀದೀಲೇ ಹೋಗ್ತೀನಿ. ಪೇಪರ್ ಓದಿ ಎಲ್ಲರೂ ಇನ್ನೂ ಬಾಗಿಲಲ್ಲಿ ನಿಂತಿರೋ ಹೊತ್ತಿಗೇ ಹೋ‍ಗ್ತೀನಿ. ಕೇಳೋರು ಇನ್ಮೇಲೆ ನನ್ನ ಕೇಳ್ಲಿ.’